ಬೆಳಗಾದರೆ ಗಾಡಿ ಕುಸಿದು ಕೂತಿರುತ್ತದೆ: ಏರ್ ಸಸ್ಪೆನ್ಷನ್ ಕಿತ್ತು ಕಾಯಿಲ್ ಹಾಕಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜರ್ಮನ್ ಎಸ್‌ಯುವಿ ತಗೊಂಡೆ. 2016ರ ಮಾಡೆಲ್, 94,000 ಕಿ.ಮೀ. ಓಡಿದೆ. ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್ ಇದೆ, ಅಂದರೆ ಕಾಯಿಲ್ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬಲೂನು. ಕಂಫರ್ಟ್, ಸ್ಪೋರ್ಟ್ ಅಂತ ಮೋಡ್ ಬದಲಿಸಬಹುದು. ಒಂದೂವರೆ ತಿಂಗಳಿಂದ ಒಂದು ತೊಂದರೆ ಶುರುವಾಗಿದೆ. ರಾತ್ರಿ ಸರಿಯಾಗಿ ನಿಂತಿರುತ್ತದೆ, ಬೆಳಗ್ಗೆ ನೋಡಿದರೆ ಮುಂದಿನ ಎಡಗಡೆ ಮೊಣಕಾಲೂರಿದ ಎಮ್ಮೆ ಥರ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಗುರ್ ಅಂತ ಸದ್ದು ಬಂದು ಒಂದೆರಡು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಹೋದ ವಾರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್ ಬಂದು ತಾನೇ ಹೋಯಿತು. ಹಂಪ್ ಮೇಲೆ ಟಕ್ ಟಕ್ ಅಂತ ಸದ್ದೂ ಇದೆ. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಬಲೂನು, ಕಂಪ್ರೆಸರ್ ಎಲ್ಲ ಹೋಗಿದೆ, 5 ಲಕ್ಷ 20 ಸಾವಿರ ಆಗುತ್ತದೆ ಅಂದರು. ಇನ್ನೊಂದು ಕಡೆ ಇದನ್ನೆಲ್ಲ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಕೊಡ್ತೀವಿ, ಒಂದು ಲಕ್ಷದೊಳಗೆ ಮುಗಿಯುತ್ತದೆ ಅಂದರು. ನಮ್ಮಣ್ಣ ಅಂತೂ ಈ ಎಲೆಕ್ಟ್ರಾನಿಕ್ ಸಸ್ಪೆನ್ಷನ್ ನಮ್ಮ ರಸ್ತೆಗೆ ಆಗಿಬರಲ್ಲ, ಮಾರಿಬಿಡು ಅಂತಾನೆ. ಮುಂದಿನ ವಾರ ಅಮ್ಮನನ್ನು ಆಸ್ಪತ್ರೆಗೆ ತೋರಿಸಲು ಶಿರಾಡಿ ಇಳಿದು ಮಂಗಳೂರಿಗೆ ಹೋಗಬೇಕು. ಹೋಗಬಹುದಾ? ಏನು ಮಾಡಲಿ?

ಉತ್ತರ: ನಮಸ್ಕಾರ ಸರ್. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕಂದರೆ ಅದಕ್ಕೆ ಕಾಯಲು ಸಮಯವಿಲ್ಲ. ಅಮ್ಮನನ್ನು ಕೂರಿಸಿಕೊಂಡು ಈ ಗಾಡಿಯಲ್ಲಿ ಘಾಟಿ ಇಳಿಯಬೇಡಿ. ಬೇರೆ ಗಾಡಿ ಮಾಡಿಕೊಳ್ಳಿ. ಈಗ ಬೆಳಗ್ಗೆ ಏಳುತ್ತಿದೆ ನಿಜ, ಆದರೆ ಗಾಳಿ ತುಂಬಿ ಅದನ್ನು ಎಬ್ಬಿಸುತ್ತಿರುವ ಕಂಪ್ರೆಸರ್ ದಿನಾ ಮಿತಿಮೀರಿ ದುಡಿಯುತ್ತಿದೆ. ಅದು ಜಾಸ್ತಿ ಬಿಸಿಯಾದರೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಆ ಹೊತ್ತಿಗೆ ಗಾಳಿ ಸೋರಿಹೋದರೆ ಗಾಡಿಯ ಒಂದು ಮೂಲೆ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಬಂಪ್ ಸ್ಟಾಪ್ ಅಂದರೆ ಒಂದು ಗಟ್ಟಿ ರಬ್ಬರ್ ತುಂಡು ಅಷ್ಟೇ, ಅದರ ಮೇಲೆ ಕೂತ ಮೇಲೆ ಆ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಹಾಗೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಒಂದು ಮುಂಚಕ್ರ ಹಾಗೆ, ಇನ್ನೊಂದು ಹೀಗೆ ನಡೆದುಕೊಂಡರೆ ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಟೈರು ಮೇಲಿನ ಪ್ಲಾಸ್ಟಿಕ್ ಲೈನಿಂಗಿಗೆ ಉಜ್ಜಲೂಬಹುದು.

ಇನ್ನು 5 ಲಕ್ಷ 20 ಸಾವಿರದ ಮಾತು. ಅದನ್ನೂ ಈಗಲೇ ಕೊಡಬೇಡಿ. ನೀವು ಬರೆದದ್ದರಲ್ಲಿ ನಾಲ್ಕು ಬಲೂನು ಹಾಳಾಗಿದೆ ಅನ್ನುವುದಕ್ಕೆ ಒಂದು ಗುರುತೂ ನನಗೆ ಕಾಣಲಿಲ್ಲ. ಕುಸಿಯುತ್ತಿರುವುದು ಒಂದು ಮೂಲೆ. ಸೋರಿಕೆ ಎಲ್ಲಿದೆ ಅಂತ ಹುಡುಕದೆ ಎಲ್ಲ ಪಾರ್ಟ್ ಬದಲಿಸೋಣ ಅನ್ನುವವರು ಪರೀಕ್ಷೆ ಮಾಡುವ ಕೆಲಸವನ್ನು ನಿಮ್ಮ ದುಡ್ಡಿನಲ್ಲಿ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ ನನಗೆ ಅನಿಸುತ್ತದೆ. ಇದನ್ನು ಕಟುವಾಗಿ ಹೇಳುತ್ತಿದ್ದೇನೆ ಅಂತ ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಒಳ್ಳೆಯ ಬಲೂನುಗಳು ಸುಮ್ನೆ ಗುಜರಿಗೆ ಹೋಗುವುದನ್ನು ತುಂಬಾ ನೋಡಿದ್ದೇನೆ.

ನಿಮ್ಮಣ್ಣ ಹೇಳಿದ್ದಕ್ಕೆ ಬರೋಣ. ಏರ್ ಸಸ್ಪೆನ್ಷನ್ ನಮ್ಮ ರಸ್ತೆಗೆ ಆಗಲ್ಲ ಅನ್ನುವುದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ನಾನು ಈ ಕೆಲಸ ಕಲಿತದ್ದೇ ಬಸ್ಸಿನ ಅಡಿಯಲ್ಲಿ ಮಲಗಿ. ವೋಲ್ವೋ ಬಸ್ಸು 2001ರಿಂದ ನಮ್ಮ ರಸ್ತೆಯಲ್ಲಿದೆ, ಹೊಸಕೋಟೆಯಲ್ಲೇ ತಯಾರಾಗುತ್ತದೆ. ಐರಾವತದಲ್ಲಿ ಕೂತು ನೀವು ಬೆಂಗಳೂರಿಗೆ ಹೋಗಿರುತ್ತೀರಿ ಅಲ್ವಾ? ಆ ಬಸ್ಸು ನಿಂತಿರುವುದೂ ಗಾಳಿ ತುಂಬಿದ ರಬ್ಬರಿನ ಮೇಲೇ. ಬೆಂಗಳೂರಿನ ಕೆಂಪು ವಜ್ರ ಬಸ್ಸು ಸ್ಟಾಪಿನಲ್ಲಿ ಉಸ್ಸ್ ಅಂತ ಒಂದು ಕಡೆ ಬಗ್ಗಿ, ಜನ ಹತ್ತಿದ ಮೇಲೆ ಮತ್ತೆ ಏಳುವುದನ್ನೂ ನೋಡಿರುತ್ತೀರಿ. ಸುಮಾರು ಅದೇ ಲೆಕ್ಕಾಚಾರ ನಿಮ್ಮ ಗಾಡಿಯಲ್ಲೂ ನಡೆಯುತ್ತದೆ. ಅದೇ ಶಿರಾಡಿ, ಅದೇ ಚಾರ್ಮಾಡಿ, ಅದೇ ಗುಂಡಿಗಳು. ಬಸ್ಸಿಗೂ ನಿಮ್ಮ ಗಾಡಿಗೂ ಇರುವ ದೊಡ್ಡ ವ್ಯತ್ಯಾಸ ಅಂದರೆ ಡಿಪೋದಲ್ಲಿ ಬಸ್ಸಿನ ಬಲೂನನ್ನು ಟೈರಿನ ಹಾಗೆ ಸವೆಯುವ ವಸ್ತು ಅಂತ ನೋಡುತ್ತಾರೆ. ಸಮಯಕ್ಕೆ ಸರಿಯಾಗಿ ಅಡಿಗೆ ಇಳಿದು ಟಾರ್ಚ್ ಹಾಕಿ ನೋಡುತ್ತಾರೆ, ಬಿರುಕು ಕಂಡರೆ ಬದಲಿಸುತ್ತಾರೆ. ಕಾರಿನವರು ಅದನ್ನು ಇಂಜಿನ್ ಥರ ಜೀವಮಾನ ಬಾಳುವ ವಸ್ತು ಅಂದುಕೊಳ್ಳುತ್ತಾರೆ, ಗಾಡಿ ಮಲಗಿದ ಮೇಲೆಯೇ ನೆನಪಿಸಿಕೊಳ್ಳುತ್ತಾರೆ.

ಅಣ್ಣನ ಮಾತಿನಲ್ಲಿ ಒಂದಿಷ್ಟು ನಿಜವೂ ಇದೆ. ಮಣ್ಣು ರಸ್ತೆ, ಕೆಸರು, ಜೊತೆಗೆ 20 ಇಂಚಿನ ರಿಮ್ಮಿಗೆ ತೆಳುವಾದ ಟೈರು, ಇವು ಸೇರಿದರೆ ರಬ್ಬರಿನ ಆಯಸ್ಸು ಕಡಿಮೆಯಾಗುತ್ತದೆ. ಅದಕ್ಕೆ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಎಲೆಕ್ಟ್ರಾನಿಕ್ ಅಂದ ತಕ್ಷಣ ಹೊಸದು, ಸೂಕ್ಷ್ಮ, ನಂಬಲಾಗದು ಅನ್ನುವ ಭಯವೂ ಇದೆ. ಟೊಯೊಟಾ 1983ರಲ್ಲೇ ಸೋರರ್ ಕಾರಿನಲ್ಲಿ ಎಲೆಕ್ಟ್ರಾನಿಕ್ ಆಗಿ ಗಟ್ಟಿ-ಮೆತ್ತಗೆ ಮಾಡುವ ಶಾಕ್ ಅಬ್ಸಾರ್ಬರ್ ಕೊಟ್ಟಿತ್ತು. 1984ರ ಮಾಡೆಲಿನ ಲಿಂಕನ್ ಮಾರ್ಕ್ 7ರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಏರ್ ಸ್ಪ್ರಿಂಗ್ ಬಂತು, 1998ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಏರ್‌ಮ್ಯಾಟಿಕ್ ಬಂತು. ಅಂದರೆ ನಾಲ್ಕು ದಶಕದ ಹಳೆಯ ವಿದ್ಯೆ ಇದು. ನನ್ನ ಗ್ಯಾರೇಜಿಗೆ ಬರುವ ಇಂಥ ಗಾಡಿಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಯೇ ಕೆಟ್ಟದ್ದು ತೀರಾ ಅಪರೂಪ. ಹೋಗುವುದು ರಬ್ಬರು, ಗಾಳಿ ಸೋರದಂತೆ ತಡೆಯುವ ಓ-ರಿಂಗು, ಕಂಪ್ರೆಸರಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇ, ವೈರಿನ ಸಾಕೆಟ್ಟು.

ಒಳಗೆ ಏನಿದೆ ಅಂತ ಒಂದು ಸಲ ತಿಳಿದುಕೊಂಡರೆ ಗ್ಯಾರೇಜಿನವರು ಹೇಳುವುದು ನಿಮಗೇ ಅರ್ಥವಾಗುತ್ತದೆ. ಸ್ಪ್ರಿಂಗು ಭಾರ ಹೊರುತ್ತದೆ, ಶಾಕ್ ಅಬ್ಸಾರ್ಬರ್ ಕುಣಿತ ನಿಲ್ಲಿಸುತ್ತದೆ. ಎರಡೂ ಬೇರೆ ಬೇರೆ ಕೆಲಸ. ನಿಮ್ಮ ಗಾಡಿಯಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಕೊಳವೆ ಇದೆ, ಅದನ್ನೇ ನಾವು ಬಲೂನು ಅನ್ನುವುದು. ಮುಂದಿನ ಒಂದು ಚಕ್ರದ ಮೇಲೆ 600 ಕೆಜಿ ಭಾರ ಅಂದುಕೊಳ್ಳಿ. ಬಲೂನಿನ ಭಾರ ಹೊರುವ ಭಾಗ 12 ಸೆಂ.ಮೀ. ಅಗಲದ ವೃತ್ತ ಆದರೆ ಸುಮಾರು 113 ಚದರ ಸೆಂ.ಮೀ. ಆಯಿತು. ಒಂದೊಂದು ಚದರ ಸೆಂ.ಮೀ. ಮೇಲೂ 5 ಕೆಜಿಗಿಂತ ಜಾಸ್ತಿ ಒತ್ತಡ. ನಿಮ್ಮ ಟೈರಿಗೆ ಹಾಕಿಸುವ 33 ಪಿಎಸ್‌ಐ ಅಂದರೆ ಬರೀ 2.3 ಕೆಜಿ. ಟೈರಿಗಿಂತ ಎರಡು ಪಟ್ಟಿಗೂ ಮೀರಿದ ಒತ್ತಡವನ್ನು ಹಗಲೂ ರಾತ್ರಿ ಹಿಡಿದುಕೊಂಡು, ಮೇಲಿಂದ ಪ್ರತಿ ಗುಂಡಿಗೂ ಮಡಚಿ ಬಿಚ್ಚುವ ರಬ್ಬರು ಅದು. ಎಂಟು ಹತ್ತು ವರ್ಷ ಆದಮೇಲೆ ಸೋರಲು ಶುರು ಮಾಡಿದರೆ ಅದನ್ನು ದೋಷ ಅನ್ನಲಾಗದು, ಅದಕ್ಕೆ ವಯಸ್ಸಾಗಿದೆ.

ಪ್ರತಿ ಚಕ್ರದ ಹತ್ತಿರ ಒಂದು ಸಣ್ಣ ಕಡ್ಡಿ ಕಟ್ಟಿದ ಹೈಟ್ ಸೆನ್ಸರ್ ಇದೆ. ಗಾಡಿ ಎಷ್ಟು ಎತ್ತರದಲ್ಲಿದೆ ಅಂತ ಅದು ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ಹಿಂದೆ ನಾಲ್ಕು ಮೂಟೆ ಕಾಫಿ ಹಾಕಿದಿರಿ, ಹಿಂಭಾಗ ತಗ್ಗಿತು, ವಾಲ್ವ್ ತೆರೆದು ಹಿಂದಿನ ಬಲೂನಿಗೆ ಗಾಳಿ ಹೋಯಿತು, ಗಾಡಿ ಮಟ್ಟ ಆಯಿತು. ಮೂಟೆ ಇಳಿಸಿದಿರಿ, ಗಾಳಿ ಹೊರಗೆ ಬಿಟ್ಟಿತು. ಕಾಯಿಲ್ ಸ್ಪ್ರಿಂಗ್ ಈ ಕೆಲಸ ಮಾಡಲ್ಲ, ಈ ಮಾತು ನೆನಪಿಟ್ಟುಕೊಳ್ಳಿ.

ಶಾಕ್ ಅಬ್ಸಾರ್ಬರ್ ಕಥೆ ಬೇರೆ. ಅದರೊಳಗೆ ಎಣ್ಣೆ ಹರಿಯುವ ದಾರಿಗೆ ಒಂದು ವಿದ್ಯುತ್ ವಾಲ್ವ್ ಇದೆ. ಕರೆಂಟು ಹೆಚ್ಚು ಕಡಿಮೆ ಮಾಡಿದಂತೆ ಎಣ್ಣೆಯ ದಾರಿ ಹಿರಿದು ಕಿರಿದಾಗುತ್ತದೆ, ಗಾಡಿ ಮೆತ್ತಗೆ ಅಥವಾ ಗಟ್ಟಿ ಆಗುತ್ತದೆ. ಕ್ಯಾಡಿಲ್ಯಾಕ್ ಸೆವಿಲ್‌ನಲ್ಲಿ 2002ರಲ್ಲಿ ಬಂದ ಇನ್ನೊಂದು ಬಗೆಯಲ್ಲಿ ವಾಲ್ವೇ ಇಲ್ಲ, ಎಣ್ಣೆಯಲ್ಲಿ ಕಬ್ಬಿಣದ ಸಣ್ಣ ಕಣಗಳಿದ್ದು ಅಯಸ್ಕಾಂತದ ಬಲಕ್ಕೆ ಎಣ್ಣೆಯೇ ಮಂದವಾಗುತ್ತದೆ. ನಮ್ಮ ದೇಶದಲ್ಲಿ ಮಹೀಂದ್ರಾ 2024ರ ಕೊನೆಗೆ ತಂದ ಎಕ್ಸ್‌ಇವಿ 9ಇ, ಬಿಇ 6 ಗಾಡಿಗಳಲ್ಲೂ ಎಲೆಕ್ಟ್ರಾನಿಕ್ ಡ್ಯಾಂಪರ್ (ಶಾಕ್ ಅಬ್ಸಾರ್ಬರಿಗೇ ಇನ್ನೊಂದು ಹೆಸರು) ಬಂದಿದೆ. ಅದೇ ಕಂಪನಿಯ ಎಕ್ಸ್‌ಯುವಿ 700ರಲ್ಲಿ ಇರುವುದು ಮಾತ್ರ ಬೇರೆ, ಅದರ ಡ್ಯಾಂಪರ್ ವೈರು ಕರೆಂಟು ಏನೂ ಇಲ್ಲದೆ ಒಳಗಿನ ವಾಲ್ವಿನಿಂದಲೇ ಹೊಂದಿಕೊಳ್ಳುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಬಂದು ಕೇಳುವವರಿದ್ದಾರೆ, ಅದಕ್ಕೆ ಹೇಳಿದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಟಕ್ ಟಕ್ ಸದ್ದಿಗೂ ಬೆಳಗಿನ ಕುಸಿತಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಹಂಪಿನ ಮೇಲೆ ಬರುವ ಟಕ್ ಸದ್ದು ಸಾಮಾನ್ಯವಾಗಿ ಚಕ್ರದ ಹತ್ತಿರದ ಕಡ್ಡಿ, ರಬ್ಬರುಗಳದ್ದು, ಅಂದರೆ ಸ್ಟೆಬಿಲೈಸರ್ ಲಿಂಕ್‌ದೋ, ಲೋವರ್ ಆರ್ಮ್ ಬುಶ್‌ದೋ ಆಗಿರುತ್ತದೆ. 94,000 ಕಿ.ಮೀ. ಆದ ಗಾಡಿಯಲ್ಲಿ ಅದು ಹೋಗಿದ್ದರೆ ಆಶ್ಚರ್ಯವೇನಿಲ್ಲ. ಏರ್ ಸಸ್ಪೆನ್ಷನ್ನಿಗೆ ಹೋಲಿಸಿದರೆ ಅದು ಸಣ್ಣ ಖರ್ಚು. ಎಲೆಕ್ಟ್ರಾನಿಕ್ ಶಾಕ್ ಹೋಗಿದೆ ಅಂತ ಯಾರಾದರೂ ಹೇಳಿದರೆ ಎಣ್ಣೆ ಸೋರಿದ್ದು ತೋರಿಸಿ ಅನ್ನಿ, ಇಲ್ಲವೇ ಸ್ಕ್ಯಾನರಿನಲ್ಲಿ ಆ ವಾಲ್ವಿನ ಕೋಡ್ ತೋರಿಸಿ ಅನ್ನಿ. ಎರಡೂ ಇಲ್ಲದಿದ್ದರೆ ಮೊದಲು ಬುಶ್ ನೋಡಿಸಿ.

ಈಗ ಸೋರಿಕೆ ಹುಡುಕುವುದು. ಅರ್ಧ ಕೆಲಸ ನೀವೇ ಮನೆಯಲ್ಲಿ ಮಾಡಬಹುದು, ಒಂದು ಟೇಪು, ಒಂದು ಪೆನ್ನು ಸಾಕು.

ಸಂಜೆ ಗಾಡಿಯನ್ನು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಸಿಮೆಂಟು ಕಣ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾಲ್ಕೂ ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಆಮೇಲೆ ಮ್ಯಾನುಯಲ್ ನೋಡಿ ಸಸ್ಪೆನ್ಷನ್ನಿನ ಫ್ಯೂಸ್ ತೆಗೆಯಿರಿ. ಈ ಹೆಜ್ಜೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ಅಲ್ಲೇ ಮೋಸ ಹೋಗುತ್ತಾರೆ. ಕೆಲವು ಗಾಡಿಗಳ ಕಂಪ್ಯೂಟರ್ ಬೀಗ ಹಾಕಿದ ಮೇಲೂ ಕೆಲವು ಗಂಟೆಗೊಮ್ಮೆ ಎಚ್ಚರವಾಗಿ, ಒಂದು ಮೂಲೆ ತಗ್ಗಿದ್ದರೆ ಗಾಡಿ ಓರೆಯಾಗಬಾರದು ಅಂತ ಉಳಿದವನ್ನೂ ಅದರ ಮಟ್ಟಕ್ಕೆ ಇಳಿಸುತ್ತದೆ. ಬೆಳಗ್ಗೆ ನೋಡಿದವರಿಗೆ ನಾಲ್ಕೂ ಕುಸಿದ ಹಾಗೆ ಕಾಣುತ್ತದೆ. ನಾಲ್ಕೂ ಹೋಯಿತು ಅನ್ನುವ ತೀರ್ಮಾನ ಎಷ್ಟೋ ಸಲ ಇಲ್ಲಿಂದಲೇ ಹುಟ್ಟುವುದು. ಫ್ಯೂಸ್ ತೆಗೆದರೆ ಅದು ಏನೂ ಮಾಡಲಾಗದು, ಯಾವುದು ನಿಜವಾಗಿ ಸೋರುತ್ತದೋ ಅದೊಂದೇ ತಗ್ಗುತ್ತದೆ. ಬೆಳಗ್ಗೆ ಬಾಗಿಲು ತೆಗೆಯದೆ, ಒಳಗೆ ಕೂರದೆ ಮತ್ತೆ ನಾಲ್ಕೂ ಅಳೆಯಿರಿ. ಸ್ಟಾರ್ಟ್ ಮಾಡುವ ಮುಂಚೆ ಫ್ಯೂಸ್ ವಾಪಸ್ ಹಾಕಲು ಮರೆಯಬೇಡಿ. ಹೀಗೆ ಎರಡು ರಾತ್ರಿ ಮಾಡಿ. ಚಳಿ ಜಾಸ್ತಿ ಇದ್ದ ರಾತ್ರಿ ಹೆಚ್ಚು ಕುಸಿದರೆ ಗಾಬರಿಯಾಗಬೇಡಿ, ತಣ್ಣಗಾದ ರಬ್ಬರು ಬಿರುಸಾಗಿ ಸಣ್ಣ ಬಿರುಕು ಹೆಚ್ಚು ಸೋರುತ್ತದೆ. ನಿಮ್ಮ ಕಡೆ ಡಿಸೆಂಬರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಒಂದೇ ಮೂಲೆ ತಗ್ಗಿದರೆ ಆ ಬಲೂನು, ಅದರ ತಲೆಯ ಫಿಟ್ಟಿಂಗು, ಅಲ್ಲಿಗೆ ಹೋಗುವ ಪೈಪು ಇಷ್ಟರಲ್ಲಿ ಒಂದು. ನಾಲ್ಕೂ ಬಲೂನಿಗೆ ಗಾಳಿ ಹಂಚುವ ವಾಲ್ವುಗಳ ಪೆಟ್ಟಿಗೆ, ಅಂದರೆ ವಾಲ್ವ್ ಬ್ಲಾಕಿನಲ್ಲಿ ಆ ಮೂಲೆಯ ವಾಲ್ವೂ ಆಗಿರಬಹುದು. ಮುಂದಿನ ಎರಡೂ ಒಟ್ಟಿಗೆ ಒಂದೇ ಸಮ ತಗ್ಗಿದರೆ ವಾಲ್ವ್ ಬ್ಲಾಕಿನ ಮೇಲೆ ಅನುಮಾನ ಜಾಸ್ತಿ. ನಾಲ್ಕೂ ಅಲ್ಲಾಡದೆ ನಿಂತಿದ್ದು ಓಡಿಸುವಾಗ ಮಾತ್ರ ಎಚ್ಚರಿಕೆ ಬಂದರೆ ಕಂಪ್ರೆಸರ್ ಅಥವಾ ಸೆನ್ಸರ್ ಕಡೆ ನೋಡಬೇಕು.

ಮುಂದಿನದು ಗ್ಯಾರೇಜಿನ ಕೆಲಸ, ಆದರೆ ನಿಮ್ಮ ಎದುರೇ ಮಾಡಿಸಿ. ಸೋಪಿನ ನೀರು ಸಿಂಪಡಿಸಿ ನೊರೆ ಎಲ್ಲಿ ಏಳುತ್ತದೆ ಅಂತ ನೋಡುವುದು. ಸೈಕಲ್ ಪಂಕ್ಚರ್ ಹುಡುಕಿದ ಹಾಗೆ, ಸುಲಭ ಅನಿಸುತ್ತದೆ, ಆದರೆ ಎರಡು ಕಡೆ ಎಡವುತ್ತಾರೆ. ನಿಮ್ಮಂಥ ಗಾಡಿಗಳಲ್ಲಿ ಮುಂದಿನ ಬಲೂನಿಗೆ ಸಾಮಾನ್ಯವಾಗಿ ಧೂಳಿನ ಮುಸುಕು ಹಾಕಿರುತ್ತಾರೆ. ಅದನ್ನು ಸರಿಸದೆ ಹೊರಗಿನಿಂದ ಸಿಂಪಡಿಸಿ ಏನೂ ಇಲ್ಲ ಅಂದುಬಿಡುತ್ತಾರೆ. ಎರಡನೆಯದು ಬಲೂನಿನ ಮಡಿಕೆ. ಕಾಲುಚೀಲವನ್ನು ಅರ್ಧ ಕೆಳಗೆ ಸುತ್ತಿದರೆ ಒಂದು ಮಡಿಕೆ ಬರುತ್ತದಲ್ಲ, ಬಲೂನಿನ ಕೆಳಭಾಗ ಹಾಗೇ ಮಡಚಿಕೊಂಡು ಮೇಲೆ ಕೆಳಗೆ ಉರುಳುತ್ತದೆ. ಬಿರುಕು ಬರುವುದು ಬಹಳ ಸಲ ಅಲ್ಲೇ. ಒಂದು ಎತ್ತರದಲ್ಲಿ ಆ ಬಿರುಕು ಮಡಿಕೆಯೊಳಗೆ ಮುಚ್ಚಿಕೊಂಡು ಒಂದು ಗುಳ್ಳೆಯೂ ಬರುವುದಿಲ್ಲ. ಗಾಡಿಯನ್ನು ಎತ್ತರದ ಸೆಟ್ಟಿಂಗಿಗೆ ಏರಿಸಿ ಐದು ನಿಮಿಷ ಕಾದರೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದು ಬಿಳಿ ನೊರೆಯಾಗಿ ಇಳಿಯುತ್ತವೆ. ಆ ಸಾಲು ನೋಡಿದರೆ ಅನುಮಾನಕ್ಕೆ ಜಾಗವೇ ಇಲ್ಲ. ಅದಕ್ಕೇ ತಗ್ಗು, ಮಾಮೂಲಿ, ಎತ್ತರ, ಮೂರರಲ್ಲೂ ಸಿಂಪಡಿಸಿ ನೋಡಬೇಕು.

ಒಂದು ಉದಾಹರಣೆ ಹೇಳುತ್ತೇನೆ. ತುಮಕೂರಿನ ಕಡೆಯವರೊಬ್ಬರು ಮುಂದಿನ ಎರಡೂ ಬಲೂನು ಬೇರೆ ಕಡೆ ಹೊಸದಾಗಿ ಹಾಕಿಸಿ, ಆಮೇಲೂ ಗಾಡಿ ಕುಸಿಯುತ್ತದೆ ಅಂತ ನಮ್ಮ ಹತ್ತಿರ ತಂದರು. ಬಲೂನು ಚೆನ್ನಾಗೇ ಇತ್ತು. ಅದರ ತಲೆಗೆ ಪೈಪು ಸೇರುವ ಜಾಗಕ್ಕೆ ಸೋಪಿನ ನೀರು ಬಿಟ್ಟರೆ ಅಲ್ಲಿ ನೊರೆ. ಪೈಪಿನ ತುದಿಯನ್ನು ಹೊಸದಾಗಿ ನೇರ ಕತ್ತರಿಸದೆ, ಹಳೆಯ ಹಿತ್ತಾಳೆ ಹಿಡಿಕೆಯನ್ನೇ ಮತ್ತೆ ಹಾಕಿ ತಿರುಗಿಸಿದ್ದರು. ಅರ್ಧ ಇಂಚು ಪೈಪು ಕತ್ತರಿಸಿ ಹೊಸ ಫಿಟ್ಟಿಂಗು ಹಾಕಿದೆವು, ಮುಗಿಯಿತು. ಅವರ ಹಳೆಯ ಬಲೂನುಗಳೂ ಚೆನ್ನಾಗೇ ಇದ್ದವೇನೋ, ಈಗ ಅದನ್ನು ನೋಡುವ ದಾರಿಯೇ ಇರಲಿಲ್ಲ. ನಿಮ್ಮದು ತೋಟದ ಮನೆ, ಆದ್ದರಿಂದ ಇನ್ನೊಂದು ಮಾತು. ಬಾನೆಟ್ ತೆಗೆದು ಪೈಪುಗಳ ಮೇಲೆ ಇಲಿ ಹಲ್ಲಿನ ಗುರುತು ಇದೆಯಾ ಅಂತ ನೋಡಿ. ಇಲಿ ಕಡಿದ ಪೈಪು ನಾನು ಬದಲಿಸಿದ್ದು ಒಂದೆರಡಲ್ಲ.

ಕಂಪ್ರೆಸರ್ ವಿಷಯ. ಆಗೊಮ್ಮೆ ಈಗೊಮ್ಮೆ ಒಂದಿಷ್ಟು ಗಾಳಿ ತುಂಬಿ ಸುಮ್ಮನಾಗಲಿ ಅಂತ ಮಾಡಿದ ಸಣ್ಣ ಯಂತ್ರ ಅದು. ಸೋರಿಕೆ ಇದ್ದಾಗ ಅದು ದಿನಾ ಬೆಳಗ್ಗೆ ಖಾಲಿ ಬಲೂನನ್ನು ತುಂಬಬೇಕು, ದಾರಿಯಲ್ಲೂ ತುಂಬುತ್ತಲೇ ಇರಬೇಕು. ಪಿಸ್ಟನ್ ರಿಂಗು ಸವೆಯುತ್ತದೆ, ಗಾಳಿ ಒಣಗಿಸುವ ಕಾಳುಗಳಿರುವ ಡ್ರೈಯರ್ ತೇವ ಕುಡಿದು ತುಂಬಿಹೋಗುತ್ತದೆ. ಆಮೇಲೆ ನೀರಿನ ಅಂಶ ವಾಲ್ವ್ ಬ್ಲಾಕಿಗೆ ಹೋಗಿ ಅಲ್ಲೂ ತುಕ್ಕು. ಸವೆದ ಕಾಳುಗಳು ಬಿಳಿ ಪುಡಿಯಾಗಿ ವಾಲ್ವುಗಳಲ್ಲಿ ಸಿಕ್ಕಿಕೊಳ್ಳುವುದನ್ನೂ ನೋಡಿದ್ದೇನೆ. ಕೊನೆಗೆ ರಿಲೇಯ ಒಳಗಿನ ಪಾಯಿಂಟುಗಳು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟುಹೋಗುತ್ತದೆ, ಬ್ಯಾಟರಿಯೂ ಖಾಲಿ. ನೋಡಿ, ಒಂದು ಬಿರುಕಿನಿಂದ ಶುರುವಾದದ್ದು ಎಲ್ಲಿಯವರೆಗೆ ಹೋಯಿತು. ನೀವು ಈಗ ಈ ದಾರಿಯ ಮೊದಲ ಅರ್ಧದಲ್ಲಿದ್ದೀರಿ ಅಂತ ನನ್ನ ಅಂದಾಜು, ಯಾಕಂದರೆ ಗಾಡಿ ಇನ್ನೂ ಏಳುತ್ತಿದೆ. ಅದಕ್ಕೇ ಈ ತಿಂಗಳೇ ಮಾಡಿಸಿ ಅನ್ನುತ್ತಿದ್ದೇನೆ. ಮಾಡಿಸುವವರೆಗೆ ಗಾಡಿಯನ್ನು ಆದಷ್ಟು ನಿಲ್ಲಿಸಿಬಿಡಿ. ಸೋರಿಕೆ ಸರಿ ಮಾಡಿದ ಮೇಲೆ ಕಂಪ್ರೆಸರಿಗೆ ಒತ್ತಡದ ಪರೀಕ್ಷೆ ಮಾಡಿಸಿ. ಪಾಸಾದರೆ ಡ್ರೈಯರಿನ ಕಾಳು ಮತ್ತು ರಿಲೇ ಮಾತ್ರ ಹೊಸದು ಹಾಕಿಸಿ. ಫೇಲಾದರೆ ಆಗ ಹೊಸದು, ಜೊತೆಗೆ ಹೊಸ ರಿಲೇ. ಹಳೆಯ ರಿಲೇಗೆ ಹೊಸ ಕಂಪ್ರೆಸರ್ ಜೋಡಿಸಲು ಬಿಡಬೇಡಿ.

ಬಲೂನೇ ಹೋಗಿದೆ ಅಂತ ಗೊತ್ತಾದರೆ ಮುಂದಿನ ಎರಡನ್ನೂ ಜೋಡಿಯಾಗಿ ಬದಲಿಸಿ ಅನ್ನುತ್ತೇನೆ. ಎರಡಕ್ಕೂ ಒಂದೇ ವಯಸ್ಸು, ಬಲಗಡೆಯದು ಬಹಳ ದಿನ ತಡೆಯುವುದಿಲ್ಲ. ಹಿಂದಿನವು ಸೋರದಿದ್ದರೆ ಮುಟ್ಟಬೇಡಿ.

ಯಾವುದನ್ನು ಹಾಕಿಸುವುದು? ಕಂಪನಿಯ ಒರಿಜಿನಲ್ ದುಬಾರಿ, ಆದರೆ ಅಳತೆ, ವಾರಂಟಿ ವಿಷಯದಲ್ಲಿ ತಲೆಬಿಸಿ ಇಲ್ಲ. ಬಿಲ್‌ಸ್ಟೈನ್, ಆರ್ನಾಟ್ ಥರದ ಹೊರಗಿನ ತಯಾರಕರ ಹೊಸದೂ ಸಿಗುತ್ತದೆ, ನಿಮ್ಮ ಮಾಡೆಲಿಗೆ ಅವರು ಮಾಡುತ್ತಾರಾ ನೋಡಬೇಕು. ನಿಮ್ಮಂಥ ಗಾಡಿಗೆ ನಾನು ಸಾಮಾನ್ಯವಾಗಿ ಇದನ್ನೇ ಹೇಳುವುದು. ಇಲ್ಲಿನ ಅಪಾಯ ನಕಲಿ ಡಬ್ಬಿ, ಅದಕ್ಕೇ ಬಿಲ್ ಮತ್ತು ವಾರಂಟಿ ಕಾರ್ಡ್ ಇಲ್ಲದೆ ತಗೋಬೇಡಿ. ಹಳೆಯ ಸ್ಟ್ರಟ್ಟಿಗೇ (ಬಲೂನು, ಶಾಕ್ ಎರಡೂ ಸೇರಿದ ಜೋಡಣೆ) ಹೊಸ ರಬ್ಬರು ಹಾಕಿ ಲೋಹದ ಬಳೆ ಒತ್ತಿ ಕೊಡುವ ರಿಪೇರಿಯೂ ಇದೆ. ಬಳೆ ಸರಿಯಾಗಿ ಒತ್ತಿದರೆ ಚೆನ್ನಾಗಿ ಬರುತ್ತದೆ, ಒತ್ತದಿದ್ದರೆ ಅಲ್ಲೇ ಮತ್ತೆ ಸೋರುತ್ತದೆ, ಒಳಗಿನ ಶಾಕ್ ಅಂತೂ ಹಳೆಯದೇ. ಇದನ್ನು ಮಾಡುವವರ ಹಿಂದಿನ ಕೆಲಸ ನೋಡಿ, ಒಂದು ವರ್ಷದ ಮಾತನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಗುಜರಿ ಗಾಡಿಯಿಂದ ಬಿಚ್ಚಿದ ಬಲೂನು ಮಾತ್ರ ಬೇಡವೇ ಬೇಡ, ಅದರ ರಬ್ಬರಿಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ. ಪಂಕ್ಚರ್ ಅಂಟಿಸಿದ ಹಾಗೆ ತೇಪೆ ಹಾಕಿಕೊಡುತ್ತೇವೆ ಅನ್ನುವವರ ಹತ್ತಿರವಂತೂ ನಿಲ್ಲಬೇಡಿ. ಮಡಚಿ ಬಿಚ್ಚುವ ಜಾಗದಲ್ಲಿ ತೇಪೆ ನಿಲ್ಲುವುದಿಲ್ಲ, ಒತ್ತಡಕ್ಕೆ ಒಮ್ಮೆಲೇ ಹರಿಯುತ್ತದೆ.

ಈಗ ಕಾಯಿಲ್ ಸ್ಪ್ರಿಂಗ್. ಅದನ್ನು ಪೂರ್ತಿ ತಪ್ಪು ಅನ್ನಲಾರೆ. ಮೊದಲು ಹೇಳಿದ ಲಿಂಕನ್ ಮಾರ್ಕ್ 7ಕ್ಕೆ ವಯಸ್ಸಾದಾಗ ಅಮೆರಿಕದಲ್ಲಿ ಎಷ್ಟೋ ಜನ ಕಾಯಿಲ್ ಹಾಕಿಕೊಂಡರು, ಅದಕ್ಕೇ ಅಂತ ಮಾಡಿದ ಕಿಟ್ಟುಗಳನ್ನು ಈಗಲೂ ಮಾರುತ್ತಾರೆ. ಪಾರ್ಟೇ ಸಿಗದ ತೀರಾ ಹಳೆಯ ಗಾಡಿಗೆ, ಆ ಮಾಡೆಲಿಗೇ ಲೆಕ್ಕ ಹಾಕಿ ಮಾಡಿದ ಕಿಟ್ ಆದರೆ ನಾನೂ ಒಪ್ಪುತ್ತೇನೆ. ನನಗೆ ಭಯ ಇರುವುದು ಒಂದು ಲಕ್ಷದೊಳಗೆ ಮುಗಿಸುವ ಆ ಮಾತಿನ ಬಗ್ಗೆ. ಸಾಮಾನ್ಯವಾಗಿ ಬೇರೆ ಯಾವುದೋ ಗಾಡಿಯ ಸ್ಪ್ರಿಂಗು ತಂದು, ಉದ್ದ ಕತ್ತರಿಸಿ ಕೂರಿಸುತ್ತಾರೆ. ಮೂರು ನಾಲ್ಕು ಮೂಟೆ ಹಾಕಿದರೆ ಹಿಂದೆ ತಗ್ಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೈಟ್ ಸೆನ್ಸರ್ ಬಿಚ್ಚಿಬಿಟ್ಟರೆ ಲೈಟು ತಾನೇ ಮಟ್ಟ ಮಾಡಿಕೊಳ್ಳುವುದೂ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಶಾಕ್ ಬದಲು ಸಾದಾ ಶಾಕ್ ಬಂದರೆ ಕಂಪ್ಯೂಟರ್ ದಿನಾ ದೂರುತ್ತದೆ. ಆ ದೂರು ಕಾಣದಂತೆ ಸಾಕೆಟ್ಟಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಕೊಡುವವರಿದ್ದಾರೆ. ಹಾಗೆ ಬಾಯಿ ಮುಚ್ಚಿಸಿದರೆ ನಾಳೆ ನಿಜವಾದ ತೊಂದರೆ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಇಂಥ ಗಾಡಿಗಳಲ್ಲಿ ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲನ್ನೂ ಅದೇ ಸಸ್ಪೆನ್ಷನ್ ಇದೆ ಅನ್ನುವ ಲೆಕ್ಕದಲ್ಲೇ ಹೊಂದಿಸಿರುತ್ತಾರೆ, ಅದು ಎತ್ತರದ ಭಾರಿ ಗಾಡಿಗೆ ಸಣ್ಣ ವಿಷಯ ಅಲ್ಲ. ಇಷ್ಟಾದರೂ ಕಾಯಿಲ್ಲೇ ಬೇಕು ಅಂದರೆ ವಿಮೆ ಕಂಪನಿಗೆ ಲಿಖಿತವಾಗಿ ತಿಳಿಸಿ ಅವರ ಉತ್ತರ ಬಂದ ಮೇಲೆ ಮಾಡಿಸಿ, ಮಾರುವಾಗ ಬೆಲೆ ಇಳಿಯುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಿಮ್ಮ ಗಾಡಿಗೆ ಪಾರ್ಟ್ ಸಿಗುತ್ತಿದೆ, ಒಂದು ಮೂಲೆ ಸೋರುತ್ತಿದೆ. ನಾನಾದರೆ ಕೀಳಿಸುವುದಿಲ್ಲ.

ಯಾರ ಹತ್ತಿರ ಮಾಡಿಸಿದರೂ ಕೆಲವು ಮಾತು ಮುಂಚೆಯೇ ಕೇಳಿ. ಸಸ್ಪೆನ್ಷನ್ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಇದೆಯಾ? ಇಂಜಿನ್ ಕೋಡ್ ಮಾತ್ರ ಓದುವ ಸಣ್ಣ ಸ್ಕ್ಯಾನರ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಹೊಸ ಬಲೂನು ಕೂರಿಸಿದ ಮೇಲೆ, ಗಾಡಿ ಇನ್ನೂ ಲಿಫ್ಟಿನಲ್ಲಿದ್ದಾಗಲೇ ಗಾಳಿ ತುಂಬಿ ಆಮೇಲೆ ಇಳಿಸುತ್ತಾರಾ? ಖಾಲಿ ಬಲೂನಿನ ಮೇಲೆ ಗಾಡಿಯ ಭಾರ ಬಿಟ್ಟರೆ ಹೊಸ ರಬ್ಬರು ಅಡ್ಡಾದಿಡ್ಡಿ ಮಡಚಿ ಮೊದಲ ದಿನವೇ ಗಾಯವಾಗುತ್ತದೆ. ಎತ್ತರ ಕ್ಯಾಲಿಬ್ರೇಟ್ ಮಾಡಿ, ಅದಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡುತ್ತಾರಾ? ಹಿಂದುಮುಂದು ಮಾಡಿದರೆ ಟೈರು ಒಂದೇ ಕಡೆ ಸವೆಯುತ್ತದೆ.

ನಿಮ್ಮ ತೋಟದ ರಸ್ತೆಗೆ ಬರುತ್ತೇನೆ. ಮಳೆಗಾಲದಲ್ಲಿ ಕೆಸರು ಬಲೂನಿನ ಮಡಿಕೆಗೆ ಸೇರಿ ಒಣಗಿದರೆ ಮರಳು ಕಾಗದದ ಹಾಗೆ ರಬ್ಬರು ಉಜ್ಜುತ್ತದೆ. ವಾರಕ್ಕೊಮ್ಮೆ ಗಾಡಿಯನ್ನು ಎತ್ತರಕ್ಕೆ ಏರಿಸಿ ಮಾಮೂಲಿ ಪೈಪಿನ ನೀರಿನಲ್ಲಿ ಚಕ್ರದ ಒಳಭಾಗ ತೊಳೆಯಿರಿ. ಜೆಟ್ ವಾಷರ್ ಅನ್ನು ಬಲೂನಿನ ಹತ್ತಿರ ಹಿಡಿಯಬೇಡಿ, ಮುಸುಕು ಕಿತ್ತು ಮಣ್ಣು ಇನ್ನೂ ಒಳಗೆ ಹೋಗುತ್ತದೆ. ಹೊಳಪಿಗೆ ಅಂತ ಎಣ್ಣೆ, ಗ್ರೀಸ್ ಹಚ್ಚಬೇಡಿ. ಕೆಟ್ಟ ಜಾಗದಲ್ಲಿ ಎತ್ತರದ ಸೆಟ್ಟಿಂಗ್ ಬಳಸಿ, ಟಾರು ರಸ್ತೆಗೆ ಬಂದ ಮೇಲೆ ಮಾಮೂಲಿಗೆ ಇಳಿಸಿ. 20 ಇಂಚಿನ ರಿಮ್ ಇದ್ದು ಕಂಪನಿ ಒಪ್ಪಿದ 18 ಅಥವಾ 19 ಇಂಚಿನ ಅಳತೆ ಇದ್ದರೆ, ಮುಂದಿನ ಸಲ ಟೈರು ಬದಲಿಸುವಾಗ ಅದಕ್ಕೆ ಹೋಗಿ. ದಪ್ಪ ಟೈರು ಅರ್ಧ ಪೆಟ್ಟು ತಾನೇ ತಿನ್ನುತ್ತದೆ.

ತೋಟದಲ್ಲಿ ಪಂಕ್ಚರ್ ಆಗಿ ಜಾಕ್ ಹಾಕುವ ಮುಂಚೆ ಮೆನುವಿನಲ್ಲಿ ಜಾಕ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಗಾಡಿ ಎತ್ತಿದ್ದನ್ನು ಕಂಪ್ಯೂಟರ್ ತಪ್ಪಾಗಿ ತಿಳಿದು ಗಾಳಿ ಬಿಡಬಹುದು. ಬಲೂನಿನ ಗಾಳಿ ನಂಬಿ ಗಾಡಿಯ ಅಡಿಗೆ ಯಾರೂ ಹೋಗಬಾರದು, ನಿಮ್ಮ ಡ್ರೈವರಿಗೂ ಹೇಳಿ. ಗಾಡಿ ದಾರಿಯಲ್ಲಿ ಮಲಗಿಬಿಟ್ಟರೆ ಎಳೆಸಬೇಡಿ, ನಾಲ್ಕೂ ಚಕ್ರ ಮೇಲೆ ಹತ್ತುವ ಫ್ಲಾಟ್‌ಬೆಡ್ ಕರೆಸಿ. ಗಾಳಿ ಇಲ್ಲದೆ ನಾಲ್ಕು ಕಿ.ಮೀ. ಎಳೆದರೂ ಚೆನ್ನಾಗಿದ್ದ ಬಲೂನು ಸಿಕ್ಕಿಕೊಂಡು ಹರಿಯಬಹುದು.

ಇವತ್ತು ಸಂಜೆಯೇ ಟೇಪು ಹಿಡಿದು ಅಳೆಯಿರಿ. ಎರಡು ರಾತ್ರಿಯ ಎಂಟು ಎಂಟು ಅಳತೆ, ಬೆಳಗ್ಗೆ ಕಂಪ್ರೆಸರ್ ಎಷ್ಟು ಸೆಕೆಂಡ್ ಗುರ್ ಅಂದಿತು ಅನ್ನುವ ಲೆಕ್ಕ, ಸ್ಕ್ಯಾನ್ ಮಾಡಿಸಿದ್ದರೆ ಅದರ ಕೋಡು, ಇಷ್ಟು ಬರೆದು ಕಳಿಸಿ. ಬಲೂನಾ, ಫಿಟ್ಟಿಂಗಾ, ವಾಲ್ವ್ ಬ್ಲಾಕಾ ಅಂತ ಆ ಅಳತೆ ನೋಡಿ ಇನ್ನೂ ಖಚಿತವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.